ಖಾಲಿ ಕೋಣೆಗಳ ಬಾಡಿಗೆ

ನಮ್ಮೂರು ಹಾಸನದ ದೇವತೆ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ. ಆಶ್ವಯುಜದ ಹುಣ್ಣಿಮೆ ಕಳೆದ ಮೇಲೆ ಬರುವ ಮೊದಲ ಗುರುವಾರ ತೆರೆದರೆ, ಬಲಿಪಾಡ್ಯಮಿಯ ಆಸುಪಾಸಿಗೆ ಮತ್ತೆ ಮುಚ್ಚಿಬಿಡುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷ ತೆರೆಯುವಾಗಲೂ ಉರಿಯುತ್ತಿರುತ್ತದೆ, ಮುಡಿಸಿದ ಹೂವು ಬಾಡಿರುವುದಿಲ್ಲ ಎಂಬುದು ನಂಬಿಕೆ. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವಷ್ಟು ದೊಡ್ಡವಳು ನಾನಲ್ಲ. ಎಲ್ಲರಂತೆ ಸಾಲಿನಲ್ಲಿ ನಿಂತು, ಕ್ಷಣಮಾತ್ರ ಕಂಡು, ಕೈಮುಗಿದು ಬರುವವಳು. ಆದರೆ 2022ರ ಕೊನೆಯಿಂದ ಒಂದು ವರ್ಷಕ್ಕೂ ಮೇಲ್ಪಟ್ಟು ನನ್ನ ಬಾಡಿಗೆ ಮನೆಯಲ್ಲೇ ಅಂಥ ಎರಡು ಗರ್ಭಗುಡಿಗಳನ್ನು ಇಟ್ಟುಕೊಂಡಿದ್ದೆ. ಅವುಗಳ ಕಥೆ ಇದು. ಕಥೆ ಎನ್ನುವುದಕ್ಕಿಂತ ಲೆಕ್ಕ ಎಂದರೇ ಸರಿ.

ನಾನು ಖಾಸಗಿ ಆಡಳಿತದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸರ್ಕಾರದ ಅನುದಾನವಿಲ್ಲದ ಶಾಲೆ. ಸೇರಿದ್ದು 2008ರಲ್ಲಿ. 2011ರಲ್ಲಿ ಪತಿ ತೀರಿಕೊಂಡರು. ಆಗ ಮಗಳಿಗೆ ಹತ್ತು, ಮಗನಿಗೆ ಏಳು. 2014ರಲ್ಲಿ ವಿದ್ಯಾನಗರದ ಕಡೆ ಒಂದು ಮನೆಯ ಮಹಡಿ ಸಿಕ್ಕಿತು. ಎರಡು ಕೋಣೆ, ನಡುಮನೆ, ಅಡುಗೆಮನೆ. ಬಾಡಿಗೆ 5,000, ಮುಂಗಡ 50,000. ಅದಕ್ಕೆ ಮೊದಲು ನೋಡಿದ ಮನೆಗಳಲ್ಲೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ, "ಯಜಮಾನರು ಏನು ಕೆಲಸದಲ್ಲಿದ್ದಾರೆ?" ಇಲ್ಲ ಎಂದರೆ, "ನೋಡ್ತೀವಿ, ಫೋನ್ ಮಾಡ್ತೀವಿ" ಎನ್ನುವರು. ಫೋನು ಬರುತ್ತಿರಲಿಲ್ಲ. ವಿದ್ಯಾನಗರದ ಮನೆಯ ಓನರಮ್ಮ ಮಾತ್ರ ಹಾಗೆ ಕೇಳಲಿಲ್ಲ. ಆಕೆಯೂ ಗಂಡನಿಲ್ಲದವರು. "ನೀರು ದಿನ ಬಿಟ್ಟು ದಿನ ಬರುತ್ತೆ ಟೀಚರಮ್ಮ, ತುಂಬಿಸ್ಕೋಬೇಕು" ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟರು.

ಕೋಣೆ ಎರಡು, ಮಕ್ಕಳು ಇಬ್ಬರು. ಒಂದು ಮಗಳಿಗಾಯಿತು, ಇನ್ನೊಂದು ಮಗನಿಗಾಯಿತು. ನಾನು ನಡುಮನೆಯ ದಿವಾನದ ಮೇಲೆ ಮಲಗಿದೆ. ಅದರಲ್ಲಿ ದೊಡ್ಡ ತ್ಯಾಗವೇನೂ ನನಗೆ ಕಂಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಉತ್ತರಪತ್ರಿಕೆ ತಿದ್ದಿ ಮುಗಿಸಿ ಅಲ್ಲೇ ಒರಗಿದರೆ ಬೆಳಗಾಗುತ್ತಿತ್ತು.

2022ರಲ್ಲಿ ಇಬ್ಬರೂ ಒಂದೇ ಸಲ ಹೊರಟರು. ಮಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿತು. ಮಗನಿಗೆ ಸಿಇಟಿಯಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಊರೆಲ್ಲ ಹೊಗಳಿತು. "ಒಬ್ಬಳೇ ನಿಂತು ಇಬ್ಬರನ್ನೂ ದಡ ಸೇರಿಸಿದಿರಿ" ಎಂದರು. ದಡ ಎಲ್ಲಿದೆಯೋ ನನಗಿನ್ನೂ ಕಂಡಿರಲಿಲ್ಲ. ಮಗನ ಫೀಸಿಗೆ ಬ್ಯಾಂಕಿನಿಂದ ನಾಲ್ಕು ಲಕ್ಷ ವಿದ್ಯಾಸಾಲ ತೆಗೆದೆವು. ನಾಲ್ಕು ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಇಡಲು ನಮ್ಮಲ್ಲಿ ಇರಲೂ ಇಲ್ಲ. ಸಾಲ ಅವನ ಹೆಸರಿನಲ್ಲಿ, ಜೊತೆಗೆ ನನ್ನ ಸಹಿ. ಹದಿನೆಂಟು ತುಂಬಿದ ಹುಡುಗ ಬದುಕಿನಲ್ಲಿ ಹಾಕಿದ ಮೊದಲ ದೊಡ್ಡ ಸಹಿ ಸಾಲದ ಪತ್ರಕ್ಕೆ.

2023ರ ಹೊತ್ತಿಗೆ ಬಾಡಿಗೆ 8,500 ಆಗಿತ್ತು. ನನ್ನ ಕೈಗೆ ಬರುತ್ತಿದ್ದ ಸಂಬಳ 21,500. ಮಗನ ಹಾಸ್ಟೆಲಿಗೆ 5,500, ಮಗಳಿಗೆ 3,500. ಉಳಿದದ್ದು 4,000. ಸಂಜೆಯ ಮನೆಪಾಠದಿಂದ ಬರುವ ಎರಡು ಸಾವಿರ ಪುಸ್ತಕಕ್ಕೆ, ಮಗನ ಬಸ್ಸಿಗೆ, ಆಗೀಗ ಔಷಧಿಗೆ. ಆ ವರ್ಷ ಜೂನ್‌ನಿಂದ ಸರ್ಕಾರ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಹಣ ಬೇಡವೆಂದಿತು. ಮಗಳು ತಿಂಗಳಿಗೊಮ್ಮೆಯಾದರೂ ಬರತೊಡಗಿದಳು. ಮಗನಿಗೆ ಆ ಭಾಗ್ಯವಿಲ್ಲ, ಅವನು ಬರುವುದು ಕಡಿಮೆಯಾಯಿತು. ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾಯಿತು. ಅದರ ಅರ್ಜಿಗಾಗಿ ರೇಷನ್ ಕಾರ್ಡು ಹಿಡಿದು ನಿಂತಾಗ ಕಂಪ್ಯೂಟರಿನ ಹುಡುಗ, "ಮನೆ ಯಜಮಾನಿ ನೀವೇನಾ?" ಎಂದು ಕೇಳಿದ. ಯಜಮಾನರೆಲ್ಲಿ ಎಂದು ಹತ್ತು ಮನೆಗಳ ಬಾಗಿಲಲ್ಲಿ ಕೇಳಿಸಿಕೊಂಡವಳಿಗೆ ಆ ಪ್ರಶ್ನೆ ಎಷ್ಟು ಹಿತವಾಯಿತೆಂದರೆ, "ಹೌದಪ್ಪ, ನಾನೇ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಆದರೆ ಯಜಮಾನಿಕೆ ಯಾವುದರ ಮೇಲೆ? ಎರಡು ಖಾಲಿ ಕೋಣೆಗಳ ಮೇಲೆ. ಮಗಳ ಕೋಣೆಯಲ್ಲಿ ಅವಳ ಪಿಯುಸಿ ಕಾಲದ ರಸಾಯನಶಾಸ್ತ್ರದ ಚಾರ್ಟು, ಮಗನ ಕೋಣೆಯಲ್ಲಿ ಮುರಿದ ಕ್ರಿಕೆಟ್ ಬ್ಯಾಟು. ಭಾನುವಾರಗಳಲ್ಲಿ ಗುಡಿಸಿ ಒರೆಸಿ, ಹಾಸಿಗೆಯ ಮೇಲುಹಾಸು ಬದಲಾಯಿಸಿ ಬಾಗಿಲು ಹಾಕುತ್ತಿದ್ದೆ. ಮಲಗುತ್ತಿದ್ದುದು ಆಗಲೂ ದಿವಾನದ ಮೇಲೆಯೇ. ನಮ್ಮ ಗಣಿತದ ಮೇಡಂ ಒಂದು ದಿನ ಸ್ಟಾಫ್ ರೂಮಿನಲ್ಲಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, "ನೀವು ಒಬ್ಬ ಹುಡುಗನಿಗೆ ಎರಡು ಕಡೆ ಬಾಡಿಗೆ ಕಟ್ತಿದೀರಿ ಕಣ್ರೀ. ಮಲಗೋ ಕಡೆ ಒಂದು, ಮಲಗದೆ ಇರೋ ಕಡೆ ಒಂದು" ಎಂದರು. ಗಣಿತದವರ ಮಾತು, ಎದುರಾಡುವಂತಿರಲಿಲ್ಲ. ಪೇಟೆಯ ಹಳೆಯ ವಠಾರವೊಂದರಲ್ಲಿ ಒಂದು ಕೋಣೆ, ಅಡುಗೆಮನೆಯ ಮನೆ 4,000ಕ್ಕೆ ಸಿಗುತ್ತದೆ ಎಂದು ಹೇಳಿದವರೂ ಅವರೇ. ತಿಂಗಳಿಗೆ 4,500 ಉಳಿತಾಯ, ವರ್ಷಕ್ಕೆ 54,000. ಮಗನ ಹತ್ತು ತಿಂಗಳ ಹಾಸ್ಟೆಲಿಗೆ ಹತ್ತಿರಹತ್ತಿರ ಅಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಮೂವತ್ತು ಸಲ ಗಾದೆ ವಿಸ್ತರಿಸಲು ಕೊಟ್ಟವಳು ನಾನು. ಆದರೂ ಮನಸ್ಸು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎಂಬುದನ್ನೇ ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ.

ಮೊದಲ ಕಾರಣ, ಮಕ್ಕಳಿಗೆ ಮರಳಿ ಬರಲು ಒಂದು ಜಾಗ ಇರಬೇಕು ಎಂಬುದು. ಅದರಲ್ಲೂ ಹೆಣ್ಣುಮಗಳಿಗೆ. ನಮ್ಮ ಜನಪದ ಹಾಡುಗಳಲ್ಲಿ ತವರಿನ ಮೇಲೆ ಇರುವಷ್ಟು ತ್ರಿಪದಿಗಳು ಬೇರಾವುದರ ಮೇಲೂ ಇಲ್ಲವೇನೋ. ತರಗತಿಯಲ್ಲಿ ಅವನ್ನು ಹೇಳಿಕೊಡುವಾಗ ನನಗೇ ಗಂಟಲು ಕಟ್ಟಿದ್ದುಂಟು. ಆದರೆ ಆ ಹಾಡುಗಳ ಯಾವ ತವರೂ ಬಾಡಿಗೆಯದಲ್ಲ. ಅಲ್ಲಿ ಬಾವಿಯಿದೆ, ತೆಂಗಿನ ಮರವಿದೆ, ಹಟ್ಟಿಯಿದೆ. ಹನ್ನೊಂದು ತಿಂಗಳ ಕರಾರಿನ ತವರನ್ನು ಯಾವ ಗರತಿಯೂ ಹಾಡಿಲ್ಲ. ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಎಂದು ನಿಮಗೆ ಗೊತ್ತಿರಬಹುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಅವಧಿಯ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ತೊಡಕು ಬೇಡವೆಂದು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಹೀಗೆ ಬಾಡಿಗೆದಾರರ ಮನೆಗೆ ಎಂದೂ ವರ್ಷ ತುಂಬುವುದಿಲ್ಲ.

ಆದರೆ ತವರೆಂದ ಕೂಡಲೇ ನನ್ನ ತವರೂ ನೆನಪಾಗಬೇಕಲ್ಲ. ನನ್ನ ತವರು ಅರಕಲಗೂಡಿನ ಕಡೆ ಒಂದು ಹಳ್ಳಿ. 2012ರಲ್ಲಿ ಅಪ್ಪ ಹೋದರು. ತಿಥಿ ಮುಗಿದ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಉಂಟೆಂದು ನನಗೆ ಗೊತ್ತಿತ್ತು. ಪತಿ ಹೋಗಿ ವರ್ಷವಷ್ಟೇ ಆಗಿತ್ತು, ಎರಡು ಮಕ್ಕಳು, ಕೈಯಲ್ಲಿ ಏನೂ ಇರಲಿಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿದೆ. ಅಣ್ಣ ಬಲವಂತ ಮಾಡಲಿಲ್ಲ. "ನಿನ್ನ ಇಷ್ಟ" ಎಂದಿದ್ದ. ಪಾಲು ಕೇಳಿದರೆ ತವರು ಇರುವುದಿಲ್ಲ ಎಂದು ನಾನೇ ತಿಳಿದುಕೊಂಡೆ. ಗೌರಿ ಹಬ್ಬಕ್ಕೆ ಒಂದು ಸೀರೆ, ಬೇಸಿಗೆಯಲ್ಲಿ ಮಕ್ಕಳಿಗೆ ನಾಲ್ಕು ದಿನದ ಅಜ್ಜಿಮನೆ, ಮೂಲೆಯಲ್ಲಿ ನನ್ನದೆನ್ನುವ ಒಂದು ಕೋಣೆ, ಇಷ್ಟಕ್ಕಾಗಿ ಪಾಲು ಬಿಟ್ಟೆ. ಈಗ ಆ ಕೋಣೆಯಲ್ಲಿ ಆಲೂಗಡ್ಡೆ ಮೂಟೆಗಳನ್ನಿಡುತ್ತಾರೆ. ಅತ್ತಿಗೆಯ ತಪ್ಪೇನಿಲ್ಲ. ವರ್ಷಕ್ಕೆ ಎರಡು ದಿನ ಬರುವವಳಿಗಾಗಿ ಕೋಣೆಯನ್ನು ಖಾಲಿ ಬಿಟ್ಟರೆ ಬೆಳೆ ಎಲ್ಲಿಡಬೇಕು? ಎಷ್ಟೋ ರಾತ್ರಿ ದಿವಾನದ ಮೇಲೆ ಮಲಗಿ ಯೋಚಿಸಿದ್ದೇನೆ. ನಾನು ಬಿಟ್ಟುಕೊಟ್ಟ ಪಾಲೂ ಒಂದು ಖಾಲಿ ಕೋಣೆಗೆ ಕಟ್ಟಿದ ಬಾಡಿಗೆಯೇ ಅಲ್ಲವೇ? ಒಂದೇ ಕಂತಿನಲ್ಲಿ ಕಟ್ಟಿದ್ದು, ಅಷ್ಟೇ ವ್ಯತ್ಯಾಸ.

ಎರಡನೆಯ ಕಾರಣ ಹೇಳಲು ಸ್ವಲ್ಪ ಸಂಕೋಚ. ಮನೆ ಚಿಕ್ಕದು ಮಾಡಿದರೆ ಸೋತಂತೆ ಎಂಬ ಭಾವನೆ. ಗಂಡ ಹೋದ ಮೇಲೆ ಹಂತಹಂತವಾಗಿ ಮೇಲೆ ಬಂದೆ, ವಠಾರದಿಂದ ಮಹಡಿಗೆ ಏರಿದೆ. ಈಗ ಮತ್ತೆ ವಠಾರಕ್ಕೆ ಇಳಿಯುವುದೇ? ಆ ದಿನಗಳಲ್ಲೇ ಹತ್ತನೆಯ ತರಗತಿಯಲ್ಲಿ ಕುವೆಂಪು ಅವರ ವಿಶ್ವಮಾನವ ಆದರ್ಶದ ಮಾತು ಬಂದು, 'ಅನಿಕೇತನ' ಎಂಬ ಪದವನ್ನು ಬಿಡಿಸಿ ಹೇಳುತ್ತಿದ್ದೆ. ನಿಕೇತನ ಎಂದರೆ ಮನೆ, ಅನಿಕೇತನ ಎಂದರೆ ಮನೆಯ ಕಟ್ಟಿಲ್ಲದವನು. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮಿಸ್, ಹಾಗಾದ್ರೆ ಬಾಡಿಗೆ ಮನೇಲಿರೋರೆಲ್ಲ ಅನಿಕೇತನರಾ?" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ಕವಿ ಹೇಳುವುದು ಚೇತನದ ಮಾತು, ಇಟ್ಟಿಗೆ ಗೋಡೆಯದಲ್ಲ ಎಂದು ವಿವರಿಸಿದೆ. ಆದರೆ ಮನೆಗೆ ನಡೆದು ಬರುವಾಗ ಆ ಹುಡುಗಿಯ ಪ್ರಶ್ನೆ ಜೊತೆಗೇ ಬಂತು. ಇದ್ದವರು ಬಿಟ್ಟರೆ ಅದು ವೈರಾಗ್ಯ. ಇಲ್ಲದವರು ಬಿಡುವುದಾದರೂ ಏನನ್ನು? ಇಲ್ಲದವರಿಗೆ ಬಿಡುವ ಧರ್ಮವನ್ನು ಬೋಧಿಸುವುದು ಸುಲಭವಲ್ಲ. ಹಾಗೆಂದು ಬಾಡಿಗೆಯ ಕೋಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದು ನಮ್ಮದಾಗುವುದೂ ಇಲ್ಲ.

ಕೊನೆಗೆ ನನ್ನನ್ನು ಅಲುಗಾಡಿಸಿದ್ದು ಗಣಿತವೂ ಅಲ್ಲ, ಕಾವ್ಯವೂ ಅಲ್ಲ. ಕೆಳಗಿನ ಮನೆಯ ಓನರಮ್ಮ. ಬಾಡಿಗೆಯಲ್ಲಿ ಸಾವಿರ ರೂಪಾಯಿ ಇಳಿಸಲು ಸಾಧ್ಯವೇ ಎಂದು ಕೇಳಲು 2023ರ ಅಕ್ಟೋಬರಿನಲ್ಲಿ ಒಂದು ಸಂಜೆ ಇಳಿದು ಹೋದೆ. ಎರಡು ಹುಡುಗಿಯರನ್ನು ಕೋಣೆಗೆ ಇಟ್ಟುಕೊಳ್ಳಲೇ ಎಂದು ಮೊದಲೇ ಕೇಳಿದ್ದೆ; ನೀರು ಸಾಲುವುದಿಲ್ಲ ಎಂದಿದ್ದರು. ಈಗ ನನ್ನ ಮಾತು ಕೇಳಿ ತುಸು ಹೊತ್ತು ಸುಮ್ಮನಿದ್ದು, "ಟೀಚರಮ್ಮ, ನಿಮ್ಮ ಬಾಡಿಗೇನೇ ನನ್ನ ಪೆನ್ಷನ್ನು" ಎಂದರು. ಅವರ ಯಜಮಾನರದು ದಿನಸಿ ಅಂಗಡಿ; ಪಿಂಚಣಿ ಎಲ್ಲಿಂದ ಬರಬೇಕು? ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಮನೆಕೆಲಸದವಳ ಸಂಬಳ ಎಲ್ಲವೂ ನನ್ನ 8,500ರಲ್ಲೇ. ಮಗ ಅಮೆರಿಕದಲ್ಲಿ. ಕೇಳಿದರೆ ಕಳಿಸುತ್ತಾನೆ. "ಕೇಳೋದು ಹೆಂಗೆ?" ಎಂದರು.

ಅಂದು ಮೊದಲ ಬಾರಿಗೆ ಅವರು ಒಳಗಿನ ಕೋಣೆಗಳನ್ನು ತೋರಿಸಿದರು. ಬಾಡಿಗೆದಾರಳಾಗಿ ಒಂಬತ್ತು ವರ್ಷವಾದರೂ ನಾನು ನಡುಮನೆ ದಾಟಿದ್ದಿಲ್ಲ. ಒಂದು ಮಗನದು, ಒಂದು ಮಗಳದು. ಇಪ್ಪತ್ತು ವರ್ಷದ ಹಿಂದಿನ ಪುಸ್ತಕಗಳು, ಗೆದ್ದಲು ಹಿಡಿದ ಬೀರು, ನುಸಿಗುಳಿಗೆಯ ವಾಸನೆ. "ಹಾಗೇ ಇಟ್ಟಿದೀನಿ. ಬಂದ್ರೆ ಇರಲಿ ಅಂತ" ಎಂದರು. ಮಗ ಎರಡು ಮೂರು ವರ್ಷಕ್ಕೊಮ್ಮೆ ಬರುವುದನ್ನು ನಾನೂ ಕಂಡಿದ್ದೆ. ಬಂದಾಗ ಉಳಿಯುವುದು ಹೋಟೆಲಿನಲ್ಲಿ. ಚಿಕ್ಕ ಮಕ್ಕಳಿಗೆ ಈ ಮನೆಯ ಬಚ್ಚಲು ಒಗ್ಗುವುದಿಲ್ಲವಂತೆ. ಓನರಮ್ಮನ ಹಾಸಿಗೆ ಎಲ್ಲಿತ್ತು ಗೊತ್ತೇ? ನಡುಮನೆಯಲ್ಲಿ, ಗೋಡೆಗೆ ಒತ್ತಿದ ಕಬ್ಬಿಣದ ಮಂಚದ ಮೇಲೆ. ನನ್ನ ದಿವಾನದ ನೇರ ಕೆಳಗೆ.

ಮೇಲೆ ಬಂದು ಬಹಳ ಹೊತ್ತು ಕುಳಿತೆ. ಅವರ ಖಾಲಿ ಕೋಣೆಗಳಿಗೆ ಬಾಡಿಗೆಯಿಲ್ಲ, ನನ್ನವಕ್ಕೆ ಇದೆ. ಉಳಿದಂತೆ ಏನು ವ್ಯತ್ಯಾಸ? ಆ ತಾಯಿ ಮಗನಿಗೆ ಕೋಣೆ ಕಾದಿಟ್ಟಿದ್ದಾರೆ, ಮಾತ್ರೆಗೆ ಹಣ ಕೇಳಲಾರರು. ಆ ಮಗನಿಗೆ ಕೋಣೆ ಇರುವುದು ಗೊತ್ತು, ಮಾತ್ರೆಯ ಹಣ ಬಾಡಿಗೆದಾರಳಿಂದ ಬರುತ್ತಿರುವುದು ಗೊತ್ತಿಲ್ಲ. ಪ್ರೀತಿ ಇಬ್ಬರಲ್ಲೂ ಇದೆ, ಲೆಕ್ಕ ಮಾತ್ರ ಒಬ್ಬರಲ್ಲೇ ಬಚ್ಚಿಟ್ಟುಕೊಂಡಿದೆ.

ನಾನು ಮಾಡುತ್ತಿದ್ದುದೂ ಇದನ್ನೇ. ಸಂಬಳ ಎಷ್ಟು, ಬಾಡಿಗೆ ಎಷ್ಟು, ತಿಂಗಳ ಕೊನೆಗೆ ಏನು ಉಳಿಯುತ್ತದೆ ಎಂದು ಮಕ್ಕಳಿಗೆ ಒಂದು ದಿನವೂ ಹೇಳಿದವಳಲ್ಲ. ಕಷ್ಟ ಮಕ್ಕಳಿಗೆ ತಿಳಿಯಬಾರದು ಎಂಬುದನ್ನು ತಾಯ್ತನದ ಮೊದಲ ನಿಯಮವೆಂದುಕೊಂಡಿದ್ದೆ. ಚಿಕ್ಕವರಿದ್ದಾಗ ಅದು ಸರಿಯಿರಬಹುದು. ಇಪ್ಪತ್ತರ ಪ್ರಾಯದವರಿಗೆ ಹೇಳದಿರುವುದು ಅವರನ್ನು ಕಾಪಾಡಿದಂತಲ್ಲ, ನಂಬದಿದ್ದಂತೆ. ಇನ್ನೊಂದು ಮಾತೂ ಇದೆ. ಹೇಳದೆ ಮಾಡಿದ ತ್ಯಾಗ ಅಲ್ಲಿಗೇ ಮುಗಿಯುವುದಿಲ್ಲ, ಒಳಗೇ ಬಡ್ಡಿ ಬೆಳೆಯುತ್ತಿರುತ್ತದೆ. ಮುಂದೆ ಯಾವುದೋ ದಿನ, ಮಗನ ಮದುವೆಯ ಮಾತಿನಲ್ಲೋ ಸೊಸೆಯ ಅಡುಗೆಯ ಮಾತಿನಲ್ಲೋ, "ನಿನಗಾಗಿ ನಾನು ಎಷ್ಟು ಮಾಡಿದೆ" ಎಂದು ಅಸಲು ಬಡ್ಡಿ ಸೇರಿಸಿ ಹೊರಗೆ ಬೀಳುತ್ತದೆ. ಸಾಲಪತ್ರಕ್ಕೆ ಸಹಿ ಹಾಕದವರಿಂದ ವಸೂಲಿ ಮಾಡುವುದು ಯಾವ ನ್ಯಾಯ? ಬ್ಯಾಂಕಿನವರಾದರೂ ಮೊದಲೇ ಓದಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ.

ನನ್ನ ಮುಪ್ಪಿನ ಲೆಕ್ಕವನ್ನೂ ಅಂದು ಹಾಕಿದೆ. ನನಗೆ 58 ತುಂಬುವುದು 2028ರಲ್ಲಿ. ಇಪ್ಪತ್ತು ವರ್ಷದ ಸೇವೆಗೆ ಭವಿಷ್ಯನಿಧಿಯಿಂದ ಬರುವ ಪಿಂಚಣಿ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಇವತ್ತಿನ ಬಾಡಿಗೆಯ ಅರ್ಧ. ಇವತ್ತು ಖಾಲಿ ಕೋಣೆಗೆ ಸುರಿಯುವ 54,000 ನಾಲ್ಕು ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಅದಿಲ್ಲದೆ ನಿವೃತ್ತಳಾದರೆ ನನ್ನ ಭಾರ ಬೀಳುವುದು ಅದೇ ಮಕ್ಕಳ ಮೇಲೆ, ಮಗ ವಿದ್ಯಾಸಾಲ ತೀರಿಸಲು ಆರಂಭಿಸುವ ಹೊತ್ತಿಗೇ. ಮಕ್ಕಳಿಗಾಗಿ ಎಂದುಕೊಂಡು ಕಟ್ಟುತ್ತಿದ್ದ ಬಾಡಿಗೆಯನ್ನು ನಾನು ಮಕ್ಕಳ ಮುಂದಿನ ಸಂಬಳದಿಂದಲೇ ಕಟ್ಟುತ್ತಿದ್ದೆ.

ಆ ವರ್ಷದ ದೀಪಾವಳಿಗೆ ಇಬ್ಬರೂ ಬಂದರು. ಹಾಸನಾಂಬೆಯ ದರ್ಶನ ಮುಗಿಸಿ ಬಂದು ಊಟವಾದ ಮೇಲೆ, ಮನೆ ಖರ್ಚಿನ ಪುಸ್ತಕವನ್ನು ಅವರ ಮುಂದಿಟ್ಟೆ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಹಂಚಿ ನಿಂತಂತೆ ನಿಂತಿದ್ದೆ. ಮಗಳು ಓದಿ, ಪುಸ್ತಕ ಮುಚ್ಚಿ, "ಹಾಗಾದ್ರೆ ನಾವು ಬಂದಾಗ ಎಲ್ಲಿರೋದು ಅಮ್ಮ?" ಎಂದಳು. ಕಣ್ಣು ತುಂಬಿತ್ತು. "ನನ್ನನ್ನ ಕೇಳದೆ ತೀರ್ಮಾನ ಮಾಡಿಬಿಟ್ಟಿದೀಯ" ಎಂದಳು. ಮಗ ಮಾತ್ರ ತಕ್ಷಣ, "ಬಿಟ್ಟುಬಿಡು ಅಮ್ಮ, ಅಷ್ಟೊಂದು ಯಾಕೆ ಕಟ್ತೀಯ?" ಎಂದ. ನಿಜ ಹೇಳುತ್ತೇನೆ, ಮಗಳ ಅಳುವಿಗಿಂತ ಮಗನ ಒಪ್ಪಿಗೆ ನನ್ನನ್ನು ಹೆಚ್ಚು ನೋಯಿಸಿತು. ಅಷ್ಟು ಸುಲಭವಾಗಿ ಬಿಡುವಂಥದ್ದೇ ಆ ಕೋಣೆ? ಯಾರಿಗಾಗಿ ಅದನ್ನು ಕಾಯುತ್ತಿದ್ದೆನೋ ಅವನಿಗೇ ಅದು ಬೇಕಿರಲಿಲ್ಲ. ಬೇಕಿದ್ದುದು ನನಗೆ. ಭಾನುವಾರ ಗುಡಿಸಿ ಒರೆಸಲು, ಇನ್ನೂ ನಾನು ತಾಯಿಯ ಕೆಲಸದಲ್ಲಿದ್ದೇನೆ ಎಂದುಕೊಳ್ಳಲು. ಗರ್ಭಗುಡಿಯ ಹೂವು ಬಾಡದಿರುವುದು ದೇವಿಯ ಮಹಿಮೆ ಎನ್ನುತ್ತಾರೆ. ನನ್ನ ಮನೆಯ ಹೂವನ್ನು ವಾರವಾರ ನಾನೇ ಬದಲಾಯಿಸುತ್ತಿದ್ದೆ.

ಮಗಳ ಮಾತಿನಲ್ಲಿ ನ್ಯಾಯವಿತ್ತು. ಲೆಕ್ಕ ತೋರಿಸುವುದೆಂದರೆ ತೀರ್ಪು ಓದುವುದಲ್ಲ. ಮೂರು ದಿನ ಮೂವರೂ ಮಾತಾಡಿದೆವು. ಒಮ್ಮೆ ಜಗಳವೂ ಆಯಿತು. ಮಗ ರಜೆಯಲ್ಲಿ ಪಾಠ ಹೇಳಿ ಗಳಿಸಿದ ಹಣದಲ್ಲಿ ತಿಂಗಳಿಗೆ ಎರಡು ಸಾವಿರ ಕೊಡುತ್ತೇನೆಂದ. ಮೊದಲು ಬೇಡವೆಂದೆ, ಬೇಡವೆನ್ನುವುದರಲ್ಲಿ ಒಂದು ದೊಡ್ಡಸ್ತಿಕೆಯ ಸುಖವಿದೆ ನೋಡಿ. ಆಮೇಲೆ ಓನರಮ್ಮನ "ಕೇಳೋದು ಹೆಂಗೆ?" ನೆನಪಾಗಿ, ಹಾಸ್ಟೆಲಿನ ಹಣದಲ್ಲಿ ಸಾವಿರ ನೀನೇ ಹಾಕಿಕೋ ಎಂದೆ. ಮಗಳು ಹೊಸ ಮನೆಯನ್ನು ತಾನೂ ನೋಡಿಯೇ ಒಪ್ಪುವುದು ಎಂದಳು. ನೋಡಿದಳು. ಬಚ್ಚಲಿಗೆ ಚಿಲಕವಿಲ್ಲ ಎಂದು ಹಾಕಿಸಿದಳು.

2024ರ ಜನವರಿಯಲ್ಲಿ ಕರಾರು ಮುಗಿದಾಗ ಮನೆ ಬದಲಾಯಿಸಿದೆ. ಒಂದು ಮಂಚ ಮಾರಿದೆ. ಇಬ್ಬರಿಗೂ ಒಂದೊಂದು ಟ್ರಂಕು. ಚಾರ್ಟು ಅದರಲ್ಲಿದೆ, ಬ್ಯಾಟನ್ನು ವಠಾರದ ಹುಡುಗರು ತೆಗೆದುಕೊಂಡರು. ಹತ್ತು ವರ್ಷದ ನಂತರ ಮಂಚದ ಮೇಲೆ ನಾನು ಮಲಗುತ್ತಿದ್ದೇನೆ. ಮಕ್ಕಳು ಬಂದಾಗ ಚಾಪೆ ಹಾಸಿ ಮೂವರೂ ಸಾಲಾಗಿ ಮಲಗುತ್ತೇವೆ. ಮಗನ ಕಾಲು ಹೊಸ್ತಿಲು ದಾಟುತ್ತದೆ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಬಿಟ್ಟ ಮಹಡಿಗೆ ಮೂರು ತಿಂಗಳು ಯಾರೂ ಬರಲಿಲ್ಲ. ನನ್ನ ಉಳಿತಾಯದ ಒಂದು ಪಾಲು ಆ ಮುದುಕಿಯ ಮಾತ್ರೆಯಿಂದ ಬಂದದ್ದು ಎಂಬುದು ಗೊತ್ತಿದ್ದೂ ನಾನು ಹೋದೆ. ಮುಂಗಡವನ್ನು ಒಂದೇ ಸಲ ಹಿಂದಿರುಗಿಸಲು ಅವರಲ್ಲಿ ಇರಲಿಲ್ಲ; ಎರಡು ಕಂತಿನಲ್ಲಿ ಕೊಟ್ಟರು, ಕಾದೆ. ನಾನು ಮಾಡಲಾದದ್ದು ಅಷ್ಟು, ಮತ್ತೆ ಇನ್ನೊಂದು. ಎರಡನೆಯ ಕಂತು ತೆಗೆದುಕೊಳ್ಳಲು ಹೋದ ದಿನ, "ಅಮ್ಮ, ನಿಮ್ಮ ಮಗನಿಗೆ ಲೆಕ್ಕ ಹೇಳಿ. ಕೇಳಬೇಡಿ, ಬರೀ ಹೇಳಿ" ಎಂದೆ. ಹೇಳಿದರೋ ಇಲ್ಲವೋ ತಿಳಿಯದು. ಮೊನ್ನೆ ಆ ದಾರಿಯಲ್ಲಿ ಬರುವಾಗ ಕೆಳಗಿನ ಮನೆಯ ಒಳಕೋಣೆಯ ಕಿಟಕಿ ತೆರೆದಿತ್ತು. ಕಂಬಿಗೆ ಯಾರದೋ ಕಾಲೇಜು ಹುಡುಗಿಯ ದುಪಟ್ಟಾ ಒಣಗಲು ಹಾಕಿದ್ದರು. ನೀರು ಸಾಲುತ್ತಿದೆಯೋ ಏನೋ, ಕೇಳಬೇಕೆನಿಸಿತು. ಶಾಲೆಗೆ ಹೊತ್ತಾಗಿತ್ತು, ಮುಂದೆ ನಡೆದೆ.